ಎಳೆದಷ್ಟು ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ನಮ್ಮಲ್ಲಿ. ನನ್ನ ಹೊಟ್ಟೆಪಾಡು ಈ ಗಾದೆಗೆ ಪೂರ್ತಿ ಉಲ್ಟಾ. ನಾನು ಹಾಸಿಗೆಯನ್ನೇ ಎಳೆದು ಉದ್ದ ಮಾಡುವವನು. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ ಊರಿನ ಸುತ್ತಮುತ್ತ, ಮನೆಗಳಲ್ಲಿ ಗೋಡೆಯಿಂದ ಗೋಡೆಯವರೆಗೆ ಹಾಸಿರುವ ಕಾರ್ಪೆಟ್ ತೊಳೆಯುತ್ತೇನೆ. ಸುಕ್ಕುಗಟ್ಟಿದ್ದರೆ ಎಳೆದು ಬಿಗಿ ಮಾಡುತ್ತೇನೆ. ಸುಟ್ಟಿದ್ದರೆ, ಹರಿದಿದ್ದರೆ, ಬೆಕ್ಕು ಪರಚಿದ್ದರೆ ತೇಪೆ ಹಾಕುತ್ತೇನೆ.

ಈ ಕೆಲಸ ಹಿಡಿದಾಗ ಹುಬ್ಬಳ್ಳಿಯಲ್ಲಿರುವ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, "ಮಂದಿ ಮನಿ ಜಮಖಾನಿ ತೊಳ್ಯಾಕ ಅಷ್ಟ್ ದೂರ ಹೋಗಬೇಕಿತ್ತೇನಪಾ? ಇಲ್ಲೇ ಉಣಕಲ್ ಕೆರಿ ಇತ್ತಲ್ಲ" ಅಂದಳು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅವಳ ತಪ್ಪೂ ಇಲ್ಲ ಬಿಡಿ. ಮಗ ಕಂಪ್ಯೂಟರ್ ಕೆಲಸದಲ್ಲಿದ್ದಾನೆ ಅಂತ ಓಣಿ ತುಂಬ ಹೇಳಿಕೊಂಡಿದ್ದವಳು.

ಕಂಪ್ಯೂಟರ್ ಕೆಲಸ ಇದ್ದದ್ದು ನಿಜ. ಗ್ರೀನ್ ಕಾರ್ಡ್ ಕೈಗೆ ಬಂದ ಮರುವರ್ಷ, 2009ರಲ್ಲಿ, ಆ ಕೆಲಸ ಹೋಯಿತು. ಅದು ಇಡೀ ದೇಶದಲ್ಲೇ ಕೆಲಸ ಹೋಗುತ್ತಿದ್ದ ಕಾಲ. ಹತ್ತು ತಿಂಗಳು ಅರ್ಜಿ ಹಾಕಿದೆ. ಒಂದು ದಿನ ನಮ್ಮ ಅಪಾರ್ಟ್‌ಮೆಂಟಿನ ಕಾರ್ಪೆಟ್ ತೊಳೆಯಲು ಬಂದಿದ್ದ ಹಿರಿಯರು, ತಾನು ನಿವೃತ್ತಿ ಆಗ್ತಿದ್ದೀನಿ, ವ್ಯಾನ್ ಮಾರಬೇಕು ಅಂದರು. ವ್ಯಾನ್ ಅಂದರೆ ಬರೀ ವ್ಯಾನ್ ಅಲ್ಲ. ಅದರೊಳಗೆ ನೀರು ಕಾಯಿಸುವ ಯಂತ್ರ, ಕೊಳೆ ನೀರನ್ನು ವಾಪಸ್ ಹೀರುವ ಪಂಪು, ಉದ್ದನೆಯ ಪೈಪುಗಳು, ಜೊತೆಗೆ ಅವರ ಗಿರಾಕಿಗಳ ಫೋನ್ ನಂಬರಿನ ಡೈರಿ. ಉಳಿತಾಯದ ದುಡ್ಡಿನ ಮುಕ್ಕಾಲು ಪಾಲು ಅದಕ್ಕೆ ಸುರಿದೆ. ಹೆಂಡತಿ ಒಂದೇ ಮಾತು ಕೇಳಿದ್ದು: "ಬೆನ್ನು ತಡೆಯುತ್ತಾ?"

ಮೊದಲ ಮೂರು ವರ್ಷ ತೊಳೆದದ್ದಷ್ಟೇ. ಬಿಸಿನೀರು ಚಿಮ್ಮಿಸು, ಹೀರು, ಮುಂದಿನ ಕೋಣೆ. ಇಲ್ಲಿಯವರು ಸ್ಟೀಮ್ ಕ್ಲೀನಿಂಗ್ ಅಂತಾರೆ, ಆದರೆ ಅದು ಹಬೆ ಅಲ್ಲ, ಬರೀ ಸುಡು ನೀರು. ಗಿರಾಕಿಗಳು ಒಂದಲ್ಲ ಒಂದು ಸಲ ಕೇಳೋರು: "ಇಲ್ಲಿ ನಡುವೆ ಕಾರ್ಪೆಟ್ ಉಬ್ಬಿದೆಯಲ್ಲ, ಏನಾದರೂ ಮಾಡ್ತೀಯಾ?" ನನ್ನ ಉತ್ತರ ಬಾಯಿಪಾಠ. "ಅದು ನನ್ನ ಕೆಲಸ ಅಲ್ಲ, ಹಾಸುವವರನ್ನು ಕರೀರಿ." ಕೆಲವರು ಜಗಳಕ್ಕೇ ಬರೋರು. "ನೀನು ತೊಳೆದ ಮೇಲೇ ಉಬ್ಬಿದ್ದು" ಅಂತ. ನಾನು ಅಲ್ಲ ಅಂತ. ಇಬ್ಬರ ಮಾತಲ್ಲೂ ಅರ್ಧರ್ಧ ಸತ್ಯ ಇತ್ತು ಅನ್ನೋದು ಆಮೇಲೆ ಗೊತ್ತಾಯಿತು.

ಊರಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಜಮಖಾನೆ ಹಾಸ್ತೀವಿ, ಜನ ಎದ್ದ ಮೇಲೆ ಮಡಚಿ ಅಟ್ಟಕ್ಕೆ ಹಾಕ್ತೀವಿ. ಇಲ್ಲಿಯದು ಹಾಗಲ್ಲ. ಒಮ್ಮೆ ಹಾಸಿದರೆ ಅದೇ ನೆಲ. ಸಾಮಾನ್ಯವಾಗಿ 12 ಅಡಿ ಅಗಲದ ಸುರುಳಿಯಲ್ಲಿ ಬರುತ್ತೆ. ಗೋಡೆಯ ಬುಡದ ಸುತ್ತ ಒಂದು ಇಂಚು ಅಗಲದ ಮರದ ಪಟ್ಟಿ ಹೊಡೆದಿರ್ತಾರೆ. ಅದರ ಮೇಲೆ ಗೋಡೆಯ ಕಡೆಗೆ ವಾಲಿದ ಸಣ್ಣ ಸಣ್ಣ ಮೊಳೆ. ಕಾರ್ಪೆಟ್ಟನ್ನು ತಮಟೆಯ ಚರ್ಮದ ಹಾಗೆ ಎಳೆದು ಆ ಮೊಳೆಗಳಿಗೆ ಸಿಕ್ಕಿಸಬೇಕು. ಹಾಸುವಾಗ ಸರಿಯಾಗಿ ಎಳೆಯದೇ ಹೋದರೆ ಆಗ ಏನೂ ಕಾಣೋದಿಲ್ಲ. ಎರಡು ಮೂರು ವರ್ಷ ಜನ ಓಡಾಡಿ, ಸೋಫಾ ಎಳೆದಾಡಿ, ಬೇಸಿಗೆಯ ತೇವಕ್ಕೆ ಹಿಗ್ಗಿ, ಕೊನೆಗೊಮ್ಮೆ ಅಲೆ ಏಳುತ್ತೆ. ನಾವು ತೊಳೆದಾಗ ಆ ತೇವಕ್ಕೆ ಮುಚ್ಚಿಕೊಂಡಿದ್ದ ಅಲೆಯೂ ತಲೆ ಎತ್ತುತ್ತೆ. ಒಳ್ಳೆ ಬಿಗಿ ಇದ್ದ ಕಾರ್ಪೆಟ್ ಒಣಗಿದ ಮೇಲೆ ತಾನೇ ಕೂತುಕೊಳ್ಳುತ್ತೆ, ಸಡಿಲ ಇದ್ದದ್ದು ಕೂರೋದಿಲ್ಲ. ಅಂದರೆ ಮೂಲ ತಪ್ಪು ಹಾಸಿದವನದು, ಅದನ್ನು ಬಯಲು ಮಾಡಿದ್ದು ನಾನು.

ಆ ಡೈರಿಯಲ್ಲಿ ಒಬ್ಬರು ಅಜ್ಜಿಯ ನಂಬರ್ ಇತ್ತು. ಎಂಬತ್ತು ದಾಟಿದವರು, ಒಬ್ಬರೇ ಇದ್ದರು. ವಾಕರ್ ಹಿಡಿದು ನಡೆಯೋರು. ಅದರ ಕಾಲುಗಳಿಗೆ ಟೆನಿಸ್ ಚೆಂಡು ಸಿಕ್ಕಿಸಿಕೊಂಡಿದ್ದರು, ನೆಲದ ಮೇಲೆ ಸಲೀಸಾಗಿ ಜಾರಲಿ ಅಂತ. ವರ್ಷಕ್ಕೊಮ್ಮೆ ವಸಂತದಲ್ಲಿ ಕರೆಯೋರು. ಕೆಲಸ ಮುಗಿಯುವ ತನಕ ಅಡುಗೆಮನೆಯ ಕುರ್ಚಿಯಲ್ಲಿ ಕೂತು ನನ್ನ ಹತ್ತಿರ ಇಂಡಿಯಾದ ಮಳೆ ಬಗ್ಗೆ ಕೇಳೋರು. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ಪಡಸಾಲೆಯಲ್ಲಿ ಅಡ್ಡಡ್ಡಕ್ಕೆ ಒಂದು ಅಲೆ ಇತ್ತು. ಎರಡು ಬೆರಳು ಎತ್ತರ. "ಇದಕ್ಕೇನಾದರೂ ಆಗುತ್ತಾ?" ಅಂತ ಕೇಳಿದ್ದರು. ನಾನು ಬಾಯಿಪಾಠ ಒಪ್ಪಿಸಿದೆ. ಅಲೆಯ ಮೇಲೇ ಪೈಪು ಹಾಯಿಸಿ, ಚೆನ್ನಾಗಿ ತೊಳೆದು, ಚೆಕ್ ಇಸಕೊಂಡು ಬಂದೆ.

ಮುಂದಿನ ವಸಂತದಲ್ಲಿ ನಾನೇ ಫೋನ್ ಮಾಡಿದೆ. ಮಗಳು ಎತ್ತಿಕೊಂಡರು. ಚಳಿಗಾಲದಲ್ಲಿ ಅಮ್ಮ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದರು, ಸೊಂಟದ ಮೂಳೆ ಮುರೀತು, ಈಗ ನರ್ಸಿಂಗ್ ಹೋಮಿನಲ್ಲಿದ್ದಾರೆ ಅಂದರು. ಎಲ್ಲಿ ಅಂತ ಕೇಳಬಾರದಿತ್ತು, ಕೇಳಿದೆ. "ಹಾಲ್‌ವೇನಲ್ಲಿ. ವಾಕರ್ ಕಾರ್ಪೆಟ್ಟಿಗೆ ಸಿಕ್ಕಿಕೊಂಡಿದೆ. ಪಾಪ, ಅದನ್ನು ಸರಿ ಮಾಡಿಸೋಕೆ ಇಬ್ಬರಿಗೆ ಫೋನ್ ಮಾಡಿದ್ದರಂತೆ. ಅಷ್ಟು ಸಣ್ಣ ಕೆಲಸಕ್ಕೆ ಯಾರೂ ಬರಲಿಲ್ಲ."

ಅವರು ನನ್ನನ್ನು ಬೈಯಲಿಲ್ಲ. ನನ್ನ ತಪ್ಪು ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ. ಫೋನ್ ಇಟ್ಟು ವ್ಯಾನಿನಲ್ಲಿ ಸುಮ್ಮನೆ ಕೂತೆ. ಹಳೆಯ ಬಿಲ್ ಬುಕ್ ತೆಗೆದು ನೋಡಿದೆ. ಷರಾ ಬರೆಯಲು ನಾಲ್ಕು ಗೆರೆ ಜಾಗ ಇತ್ತು. ನಾನು ಬರೆದದ್ದು ಒಂದೇ ಪದ: "ಕ್ಲೀನ್."

ಆ ವಾರವೇ ನಾನು ಸಾಬೂನು, ಕೆಮಿಕಲ್ ಕೊಳ್ಳುವ ಅಂಗಡಿಯಲ್ಲಿ ವಿಚಾರಿಸಿದೆ. ಕಾರ್ಪೆಟ್ ಹಾಸಿ ಹಾಸಿ ನಿವೃತ್ತರಾದ ಒಬ್ಬರನ್ನು ತೋರಿಸಿದರು. ಅವರ ಎರಡೂ ಮೊಣಕಾಲು ಬದಲಾಯಿಸಿದ್ದು. ಗ್ಯಾರೇಜಿನಲ್ಲಿ ಪ್ಲೈವುಡ್ ಹಲಗೆಗಳಿಗೆ ಮೊಳೆಪಟ್ಟಿ ಹೊಡೆದು ನನಗೆ ಪಾಠ ಮಾಡಿದರು. ಮೊದಲ ಪಾಠವೇ ಮೊಣಕಾಲಿನದು. ನೀ ಕಿಕ್ಕರ್ ಅಂತ ಒಂದು ಉಪಕರಣ ಇದೆ. ಮುಂದೆ ಹಲ್ಲು, ಹಿಂದೆ ಮೆತ್ತೆ. ಹಲ್ಲನ್ನು ಕಾರ್ಪೆಟ್ಟಿಗೆ ಊರಿ, ಮೆತ್ತೆಗೆ ಮೊಣಕಾಲಿನಿಂದ ಗುದ್ದಬೇಕು. ದಿನಕ್ಕೆ ನೂರಾರು ಸಲ ಗುದ್ದಿ ಗುದ್ದಿ ಹಾಸುವವರ ಮೊಣಕಾಲು ಹಾಳಾಗುತ್ತೆ ಅಂತ ಇಲ್ಲಿಯ ಸರ್ಕಾರದ ನಿಯೋಶ್ ಸಂಸ್ಥೆ 1990ರಲ್ಲೇ ಎಚ್ಚರಿಕೆ ಹೊರಡಿಸಿದೆ. ಅದರ ಬದಲು ಪವರ್ ಸ್ಟ್ರೆಚರ್ ಬಳಸಿ ಅಂತ ಹೇಳಿದೆ. ಕಾರ್ಪೆಟ್ ತಯಾರಕರ ಸಂಘದ ನಿಯಮವೂ ಅದನ್ನೇ ಹೇಳುತ್ತೆ. ಆದರೂ ಅವಸರದ ಹುಡುಗರು ಬರೀ ಗುದ್ದಿಯೇ ಕೆಲಸ ಮುಗಿಸ್ತಾರೆ. ಅಲೆಗಳೆಲ್ಲ ಹುಟ್ಟೋದು ಅಲ್ಲಿಂದಲೇ. ಗುರುಗಳು ತಮ್ಮ ಪ್ಯಾಂಟ್ ಮೇಲೆತ್ತಿ ಎರಡೂ ಕಾಲಿನ ಹೊಲಿಗೆ ಗುರುತು ತೋರಿಸಿದರು. "ಇದು ಕೋಣೆಯ ಮೂಲೆಗೆ ಮಾತ್ರ, ಇಡೀ ಕೋಣೆಗಲ್ಲ" ಅಂದರು.

ಪವರ್ ಸ್ಟ್ರೆಚರ್ ಅಂದರೆ ಕರೆಂಟಿನದಲ್ಲ, ಹೆಸರು ಅಷ್ಟೇ. ಒಂದರೊಳಗೊಂದು ಜೋಡಿಸುವ ಕೊಳವೆಗಳು. ಒಂದು ತುದಿಯನ್ನು ಎದುರು ಗೋಡೆಗೆ ಕೊಟ್ಟು, ಹಲ್ಲಿನ ತಲೆಯನ್ನು ಈ ಗೋಡೆಯಿಂದ ಅರ್ಧ ಅಡಿ ಈಚೆಗೆ ಊರಿ, ಹಿಡಿ ಒತ್ತಿದರೆ ಇಡೀ ಕೋಣೆಯ ಕಾರ್ಪೆಟ್ ಮೆಲ್ಲಗೆ ಮುಂದೆ ಬರುತ್ತೆ. ಉದ್ದಕ್ಕೂ ಅಗಲಕ್ಕೂ ನೂರಕ್ಕೆ ಒಂದರಿಂದ ಒಂದೂವರೆ ಪಾಲು ಎಳೆಯಬೇಕು. 20 ಅಡಿ ಕೋಣೆಗೆ ಹತ್ತಿರ ಹತ್ತಿರ ಎರಡೂವರೆಯಿಂದ ಮೂರೂವರೆ ಇಂಚು. ಹೆಚ್ಚಾದದ್ದನ್ನು ಕತ್ತರಿಸಿ, ಅಂಚನ್ನು ಗೋಡೆಯ ಬುಡದ ಸಂದಿಗೆ ತುರುಕಬೇಕು. ಕತ್ತರಿಸಿದ ಪಟ್ಟಿಯನ್ನು ಗಿರಾಕಿಯ ಕೈಗೆ ಕೊಡ್ತೀನಿ. "ನೋಡಿ, ಇಷ್ಟು ದಿನ ನಿಮ್ಮ ಕೋಣೆಯ ನಡುವೆ ಇದ್ದ ಗುಡ್ಡ ಇದೇ."

ಹೇಳೋದು ಸಲೀಸು. ಮೊದಲ ಮನೆಯಲ್ಲಿ ಏನಾಯಿತು ಗೊತ್ತಾ? ಇಲ್ಲಿಯ ಒಳಗೋಡೆ ಇಟ್ಟಿಗೆಯದಲ್ಲ, ಜಿಪ್ಸಮ್ ಹಾಳೆ. ಹಿಂದೆ ಸಾಮಾನ್ಯವಾಗಿ 16 ಇಂಚಿಗೊಂದು ಮರದ ಕಂಬ ಇರುತ್ತೆ, ನಡುವೆ ಖಾಲಿ. ಸ್ಟ್ರೆಚರಿನ ಬುಡಕ್ಕೆ ಎರಡು ಮೂರು ಕಂಬ ಮುಟ್ಟುವಷ್ಟು ಉದ್ದದ ಹಲಗೆ ಅಡ್ಡ ಕೊಡಬೇಕು. ಮರೆತೆ. ಹಿಡಿ ಒತ್ತಿದೆ, ಕಾರ್ಪೆಟ್ ಬರಲಿಲ್ಲ, ಗೋಡೆಯೇ ಒಳಗೆ ಹೋಯಿತು. 75 ಡಾಲರಿನ ಕೆಲಸಕ್ಕೆ ಹೋಗಿ 200 ಡಾಲರ್ ಕೊಟ್ಟು ಗೋಡೆ ರಿಪೇರಿ ಮಾಡಿಸಿಕೊಟ್ಟೆ. ಇನ್ನೊಂದು ಕಡೆ ಬಾಗಿಲ ಹತ್ತಿರ ನಾಯಿ ಕಿತ್ತಿದ್ದ ಜಾಗಕ್ಕೆ ತೇಪೆ ಹಾಕಿದೆ. ಅಳತೆ ಸರಿ, ಅಂಟು ಸರಿ, ಆದರೆ ನೂಲು ಮಲಗುವ ದಿಕ್ಕು ತಿರುಗಾಮುರುಗಾ. ಹಸಿರು ಹೊಲದ ನಡುವೆ ಬೇರೆ ಬೆಳೆ ಬಿತ್ತಿದ ಹಾಗೆ ಎದ್ದು ಕಾಣ್ತಿತ್ತು. ಮತ್ತೆ ಕಿತ್ತು ಮತ್ತೆ ಹಾಕಿದೆ.

ಕಲಿತೆ. ಐಐಸಿಆರ್‌ಸಿ ಅನ್ನುವ ಸಂಸ್ಥೆ ಕಾರ್ಪೆಟ್ ರಿಪೇರಿಗೇ ಬೇರೆ ಪ್ರಮಾಣಪತ್ರ ಕೊಡುತ್ತೆ, ಅದನ್ನೂ ಮಾಡಿಕೊಂಡೆ. ಆದರೆ ನಿಜವಾದ ಪರೀಕ್ಷೆ ನಮ್ಮವರ ಮನೆಯಲ್ಲೇ ಆಯಿತು.

ನಮ್ಮ ಜನ ಅಮೆರಿಕದ ಕಾರ್ಪೆಟ್ಟಿಗೆ ಕೊಡುವ ಕಾಟ ಬೇರೆಯದೇ. ಅರಿಶಿನ, ಊದಿನಕಡ್ಡಿಯ ಕಿಡಿ, ಆಮೇಲೆ ಇಸ್ತ್ರಿ. ಇಸ್ತ್ರಿ ಮೇಜು ಕೊಳ್ಳುವುದು ದಂಡ ಅಂತ ನೆಲದ ಮೇಲೆ ಬೆಡ್‌ಶೀಟ್ ಮಡಚಿ ಹಾಕಿ ಅಂಗಿ ಉಜ್ಜೋದು. ನಾನೂ ಉಜ್ಜಿದವನೇ. ದಾವಣಗೆರೆ ಕಡೆಯ ಹೊಸ ಜೋಡಿಯೊಂದು ಒಂದು ಶನಿವಾರ ಗಾಬರಿಯಿಂದ ಫೋನ್ ಮಾಡಿತು. ಮೂರು ದಿನದಲ್ಲಿ ಅಪಾರ್ಟ್‌ಮೆಂಟ್ ಖಾಲಿ ಮಾಡಬೇಕು, ಮಲಗುವ ಕೋಣೆಯ ನಟ್ಟನಡುವೆ ಇಸ್ತ್ರಿಪೆಟ್ಟಿಗೆ ಆಕಾರದ ಕಪ್ಪು. ಹೋಗಿ ನೋಡಿದರೆ ಮುದ್ರೆ ಒತ್ತಿದ ಹಾಗೆ, ತುದಿಯ ಚೂಪೂ ಕಾಣ್ತಿತ್ತು. ಅದು ಪಾಲಿಪ್ರೊಪಿಲೀನ್ ನೂಲು, 160 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುತ್ತೆ. ಹತ್ತಿ ಬಟ್ಟೆಗೆ ಇಟ್ಟ ಇಸ್ತ್ರಿ 200ರ ಹತ್ತಿರ ಇರುತ್ತೆ. ತೊಳೆದರೆ ಹೋಗುವಂಥದ್ದಲ್ಲ, ಪ್ಲಾಸ್ಟಿಕ್ ಆಗಿ ಗಟ್ಟಿ ಕೂತಿತ್ತು.

"ಅಣ್ಣ, ಮೇಲೆ ಮಂಚ ಎಳೆದು ಮುಚ್ಚಿಬಿಡೋಣ ಅಂದ್ಕೊಂಡಿದ್ವಿ. ಆದ್ರೆ ಮಂಚ ನಮ್ಮದು, ತಗೊಂಡು ಹೋಗ್ಬೇಕು" ಅಂದ ಹುಡುಗ. ಅವನ ಹೆಂಡತಿ ಅವನನ್ನು ನೋಡಿದ ನೋಟ ಇಸ್ತ್ರಿಗಿಂತ ಬಿಸಿ ಇತ್ತು.

ನಾನು ಮೊದಲು ಮ್ಯಾನೇಜರ್‌ಗೆ ಮೇಲ್ ಬರೆಸಿದೆ: ಸುಟ್ಟಿದೆ, ನಮ್ಮ ಖರ್ಚಿನಲ್ಲಿ ರಿಪೇರಿ ಮಾಡಿಸ್ತೀವಿ, ಆಗಬಹುದಾ ಅಂತ. ಹುಡುಗನಿಗೆ ಇಷ್ಟ ಇರಲಿಲ್ಲ. ಹೇಳದೆ ಮಾಡಿದರೆ ಗೊತ್ತಾಗಲ್ಲವಲ್ಲ ಅಂದ. ಗೊತ್ತಾಗಲ್ಲ ಅಂತ ನಾನು ಮಾತು ಕೊಡೋದಿಲ್ಲ ಅಂದೆ. ಸಂಜೆಗೆ ಒಪ್ಪಿಗೆ ಬಂತು. ಬಟ್ಟೆ ಇಡುವ ಕ್ಲಾಸೆಟ್ಟಿನ ಮೂಲೆಯಿಂದ ಅದೇ ಕಾರ್ಪೆಟ್ಟಿನ ತುಂಡು ಕತ್ತರಿಸಿದೆ, ಆ ಮೂಲೆಗೆ ವ್ಯಾನಿನಲ್ಲಿದ್ದ ಬೇರೆ ತುಂಡು ಹಾಕಿದೆ. ಸುಟ್ಟ ಭಾಗವನ್ನು ಸಾಲು ನೋಡಿಕೊಂಡು ಚೌಕವಾಗಿ ತೆಗೆದು, ಅಂಚಿಗೆ ಅಂಟು ಹಚ್ಚಿ, ಕೆಳಗೆ ಟೇಪು ಕೊಟ್ಟು, ಬಿಸಿ ಕಬ್ಬಿಣದಿಂದ ಅಂಟು ಕರಗಿಸಿ ಕೂರಿಸಿದೆ. ಇಸ್ತ್ರಿ ಮಾಡಿದ ಗಾಯಕ್ಕೆ ಇಸ್ತ್ರಿಯದೇ ಮದ್ದು. ಕ್ಲಾಸೆಟ್ಟಿನ ತುಂಡು ಯಾವಾಗಲೂ ಸ್ವಲ್ಪ ಹೊಸದಾಗಿ ಕಾಣುತ್ತೆ. ಕೊನೆಗೆ ಇಡೀ ಕೋಣೆ ತೊಳೆದಾಗ ವ್ಯತ್ಯಾಸ ಎಷ್ಟೋ ಕಡಿಮೆಯಾಯಿತು. ಬಿಲ್ಲಿನಲ್ಲಿ ಷರಾ ಜಾಗದಲ್ಲಿ ಎಲ್ಲ ಬರೆದೆ, ಎಲ್ಲಿಂದ ಕತ್ತರಿಸಿದೆ ಅನ್ನೋದನ್ನೂ.

ಈ ಕೆಲಸದ ವ್ಯಾಪಾರದ ಲೆಕ್ಕವನ್ನೂ ಹೇಳಿಬಿಡ್ತೀನಿ, ಯಾಕಂದ್ರೆ ಇದನ್ನು ಓದುವವರಲ್ಲಿ ನನ್ನ ಹಾಗೆ ಕೈಕೆಲಸಕ್ಕೆ ಇಳಿಯುವ ಯೋಚನೆಯಲ್ಲಿ ಇರುವವರೂ ಇರಬಹುದು. ತೇಪೆಗಾಗಿಯೇ ಬರೀ ತೇಪೆಗೆ ವ್ಯಾನ್ ಹೊರಡಿಸಿದರೆ ಗಿಟ್ಟೋದಿಲ್ಲ. ಅದಕ್ಕೇ ಹಾಸುವವರು ಅಜ್ಜಿಯ ಮನೆಗೆ ಬರಲಿಲ್ಲ, ಅವರನ್ನೂ ದೂರಲಾರೆ. ಆದರೆ ತೊಳೆಯಲು ಹೇಗೂ ಹೋಗಿರ್ತೀನಲ್ಲ, ವ್ಯಾನ್ ಬಾಗಿಲಲ್ಲೇ ನಿಂತಿರುತ್ತೆ. ಇನ್ನೊಂದು ಗಂಟೆ ಹೆಚ್ಚು ಅಷ್ಟೆ. ತೊಳೆಯುವವನಿಗೆ ಮಾತ್ರ ಈ ಸಣ್ಣ ಕೆಲಸ ಕಟ್ಟುತ್ತೆ. ಈಗ ಮೊದಲು ಗಿರಾಕಿಯ ಜೊತೆ ಬರಿಗಾಲಲ್ಲಿ ಮನೆಯೆಲ್ಲ ನಡೆದು ನೋಡ್ತೀನಿ. ಅಲೆ, ಬಿಚ್ಚಿದ ಜೋಡಣೆ, ಬಾಗಿಲಲ್ಲಿ ಎದ್ದ ಮೊಳೆ, ಎಲ್ಲದರ ಫೋಟೋ ತಗೀತೀನಿ. ಮೊದಲು ಎಳೆದು, ಆಮೇಲೆ ತೊಳೀತೀನಿ. ಒದ್ದೆಯಾದದ್ದನ್ನು ಎಳೆಯೋದಿಲ್ಲ, ಬೆನ್ನಿಗಿರುವ ಅಂಟು ಆಗ ಮೆತ್ತಗಿರುತ್ತೆ. "ನೀನು ತೊಳೆದ ಮೇಲೇ ಉಬ್ಬಿದ್ದು" ಅನ್ನುವ ಜಗಳ ನಿಂತೇ ಹೋಯಿತು.

ಇಲ್ಲ ಅನ್ನೋದನ್ನೂ ಕಲಿಯಬೇಕು. ಕಾರ್ಪೆಟ್ಟಿನ ಬೆನ್ನಿಗೆ ಎರಡು ಪದರ, ನಡುವೆ ಲ್ಯಾಟೆಕ್ಸ್ ಅಂಟು. ಅದು ಮುದಿಯಾಗಿ ಹಿಟ್ಟಿನ ಹಾಗೆ ಉದುರುತ್ತಿದ್ದರೆ ಎಳೆದರೆ ಹರಿಯುತ್ತೆ. ಬೆಕ್ಕಿನ ಉಚ್ಚೆ ಕೆಳಗಿನ ಮೆತ್ತೆ ದಾಟಿ ಮರದ ನೆಲಕ್ಕೆ ಇಳಿದಿದ್ದರೆ ಮೇಲೆ ಎಷ್ಟು ತೇಪೆ ಹಾಕಿ ಏನು? ಅಂಥ ಕಡೆ, "ನನಗೆ ದುಡ್ಡು ಕೊಡಬೇಡಿ, ಹೊಸದು ಹಾಕಿಸಿ" ಅಂತೀನಿ. ಆವತ್ತು ತೊಳೆಯುವ ಕೆಲಸವೂ ಹೋಗುತ್ತೆ. ವಾಪಸ್ ಬರುವಾಗ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ಅಂಥವರೇ ಆಮೇಲೆ ನಾಲ್ಕು ಜನಕ್ಕೆ ನನ್ನ ನಂಬರ್ ಕೊಟ್ಟಿದ್ದಾರೆ.

ಇಲ್ಲಿಯ ಕಾರ್ಪೆಟ್ಟಿನ ರಾಜಧಾನಿ ಜಾರ್ಜಿಯಾ ರಾಜ್ಯದ ಡಾಲ್ಟನ್. ಅದರ ಕತೆ ಶುರುವಾಗೋದು ಕಾರ್ಖಾನೆಯಿಂದ ಅಲ್ಲ. 1895ರ ಸುಮಾರಿಗೆ ಕ್ಯಾಥರೀನ್ ಇವಾನ್ಸ್ ಎಂಬ ಹುಡುಗಿ ಕೈಯಲ್ಲೇ ನೂಲು ಕುಚ್ಚು ಪೋಣಿಸಿ ಒಂದು ಹಾಸಿಗೆ ಹೊದಿಕೆ ಮಾಡಿದಳು. ನೋಡಿದವರು ತಮಗೂ ಬೇಕು ಅಂದರು. ಸುತ್ತಲಿನ ಹಳ್ಳಿಯ ಹೆಂಗಸರೆಲ್ಲ ಮನೆಯಲ್ಲೇ ಕೂತು ಕುಚ್ಚು ಹಾಕತೊಡಗಿದರು. ಆಮೇಲೆ ಅದಕ್ಕೆ ಯಂತ್ರ ಬಂತು, ಹೊದಿಕೆ ಹೋಗಿ ಕಾರ್ಪೆಟ್ ಆಯಿತು. ಇದನ್ನು ಅವ್ವನಿಗೆ ಹೇಳಿದಾಗ, "ಹಂಗಾರ ಅದೂ ನಮ್ಮ ಕೌದಿ ಹೊಲದಂಗ ಆತಲ್ಲ" ಅಂದಳು. ಹೌದು. ನಮ್ಮ ಮನೆಯಲ್ಲಿ ಹಳೇ ಸೀರೆ ಹರಿದರೆ ಕೌದಿಗೆ ಹೋಗ್ತಿತ್ತು. ಮದುವೆಗೆ ಹಾಸುತ್ತಿದ್ದ ನವಲಗುಂದದ ಜಮಖಾನೆಯ ಅಂಚು ಬಿಟ್ಟರೆ ಅವ್ವ ದಬ್ಬಣ ಹಿಡಿದು ಕೂರ್ತಿದ್ದಳು. ಎಸೆಯೋದು ಅನ್ನುವ ಮಾತೇ ಇರಲಿಲ್ಲ. ಅವತ್ತಿನಿಂದ ಓಣಿಯಲ್ಲಿ ಏನು ಹೇಳ್ತಾಳೋ ಗೊತ್ತಿಲ್ಲ, ನನಗೆ ಮಾತ್ರ ಉಣಕಲ್ ಕೆರೆ ನೆನಪಿಸಿಲ್ಲ.

ಎರಡು ವರ್ಷದ ಮೇಲೆ ಅಜ್ಜಿಯ ಮಗಳು ಫೋನ್ ಮಾಡಿದರು. ಅಮ್ಮ ತೀರಿಕೊಂಡರು, ಮನೆ ಮಾರ್ತಿದ್ದೀವಿ, ಕಾರ್ಪೆಟ್ ತೊಳೆದು ಕೊಡು ಅಂದರು. ಮನೆ ಖಾಲಿ. ಅಡುಗೆಮನೆಯಲ್ಲಿ ಕುರ್ಚಿ ಇರಲಿಲ್ಲ. ಆ ಅಲೆ ಮಾತ್ರ ಇದ್ದಲ್ಲೇ ಇತ್ತು, ಇನ್ನೂ ಸ್ವಲ್ಪ ಎತ್ತರವಾಗಿ. ಸ್ಟ್ರೆಚರ್ ತಂದು ಜೋಡಿಸಿದೆ. ಪಡಸಾಲೆ ಇಕ್ಕಟ್ಟು, ಆದರೂ ನಲವತ್ತು ನಿಮಿಷದಲ್ಲಿ ಮುಗೀತು. ಅಷ್ಟೇ ಕೆಲಸ ಅದು. ನಲವತ್ತು ನಿಮಿಷದ್ದು. ಮಗಳು ದುಡ್ಡೆಷ್ಟು ಅಂದರು. ತೊಳೆದದ್ದಕ್ಕೆ ಮಾತ್ರ ತಗೊಂಡೆ. ಅವರು ಯಾಕೆ ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಬೇಕಿತ್ತು ಅಂತ ಈಗಲೂ ಒಮ್ಮೊಮ್ಮೆ ಅನ್ನಿಸುತ್ತೆ.

ಕಳೆದ ಸಲ ಊರಿಗೆ ಹೋದಾಗ ಅವ್ವನ ಮನೆಯಲ್ಲೂ ಬರಿಗಾಲಲ್ಲಿ ನಡೆದು ನೋಡಿದೆ. ನುಣ್ಣನೆಯ ಗ್ರಾನೈಟ್ ನೆಲ. ಬಚ್ಚಲ ಬಾಗಿಲಲ್ಲಿ ಹಳೇ ಸೀರೆಯ ಕಾಲೊರಸು, ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಅವಳಿಗೂ ಎಪ್ಪತ್ತೆಂಟು. ಅದನ್ನು ತೆಗೆದು, ಕೆಳಗೆ ರಬ್ಬರ್ ಇರುವ ಮ್ಯಾಟ್ ತಂದು ಹಾಕಿದೆ, ಗೋಡೆಗೆ ಒಂದು ಹಿಡಿಕೆ ಹಾಕಿಸಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಇದಕ್ಕ ಎಷ್ಟ್ ಡಾಲರ್ ತಗೋತಿ?"

"ಮೊದಲ ನಡದ್ ತೋರ್ಸು. ಆಮ್ಯಾಲ ಹೇಳ್ತೀನಿ."

ಹಿಡಿಕೆ ಹಿಡಿದು ಒಳಗೆ ಹೋದಳು, ತಿರುಗಿ ಬಂದಳು. "ಚೊಲೋ ಆಗೇತಿ" ಅಂದಳು.

ನೀವೂ ಸಾಧ್ಯವಾದರೆ ಈ ವಾರ ನಿಮ್ಮ ಮನೆಯ ಹಿರಿಯರು ರಾತ್ರಿ ನಡೆಯುವ ದಾರಿಯಲ್ಲಿ ಒಮ್ಮೆ ಬರಿಗಾಲಲ್ಲಿ ನಡೆದು ನೋಡಿ. ಕಾಲಿಗೆ ಏನು ತಾಗುತ್ತೋ ಅದನ್ನು ಸರಿ ಮಾಡಿ. ನಿಮ್ಮ ಕೆಲಸ ಅಲ್ಲದಿದ್ದರೂ ಸರಿ.